ತತ್ತಿ ಹಾಕ್ಯಾರೇನ್ರಿ?

ಹುಬ್ಬಳ್ಳಿಯ ಯಾವುದಾದರೂ ಬೇಕರಿ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ರೇಟು ಎಷ್ಟು, ಇವತ್ತಿಂದೋ ನಿನ್ನೆದೋ ಅಂತ ಕೇಳೋದಕ್ಕೂ ಮೊದಲು ಗಿರಾಕಿಗಳು ಕೇಳೋ ಪ್ರಶ್ನೆ ಒಂದಿದೆ: “ಇದರಾಗ ತತ್ತಿ ಹಾಕ್ಯಾರೇನ್ರಿ?”

ತತ್ತಿ ಅಂದರೆ ನಮ್ಮ ಕಡೆ ಮೊಟ್ಟೆ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕಂದ್ರೆ ಹೋದ ವರ್ಷ ಒಂದು ಮದುವೆಗೆ ಅಂತ ನನ್ನ ಜೊತೆ ಬೆಂಗಳೂರಿನಿಂದ ಬಂದಿದ್ದ ಆಫೀಸಿನ ಗೆಳತಿಗೆ ಹಿಂದಿ ಚೆನ್ನಾಗಿ ಬರುತ್ತೆ, ಕನ್ನಡ ಅಷ್ಟಕ್ಕಷ್ಟೆ. ಪೇಸ್ಟ್ರಿ ಕೌಂಟರಿನಲ್ಲಿ ಒಬ್ಬ ಹೆಂಗಸು ಗಟ್ಟಿಯಾಗಿ ಈ ಪ್ರಶ್ನೆ ಕೇಳಿದಾಗ ಇವಳು ಗಾಬರಿಯಾಗಿ ಕೈಯಲ್ಲಿದ್ದ ಪ್ಲೇಟನ್ನೇ ಕೆಳಗಿಟ್ಟಳು. ಅರ್ಥ ಹೇಳಿ ನಗಿಸಿ ಸಮಾಧಾನ ಮಾಡಿದ್ದಾಯ್ತು. ಆಮೇಲೆ ಇಡೀ ದಿನ ನಮ್ಮ ಮೂರು ಜನರ ತಂಡಕ್ಕೆ ಅದೇ ಆಟ. ಕೇಶ್ವಾಪುರದಲ್ಲಿ ಪ್ಲಮ್ ಕೇಕು, ದುರ್ಗದಬೈಲಿನ ಹತ್ತಿರ ಖಾರಿ ಮತ್ತು ನಾನ್‌ಕಟಾಯಿ, ವಿದ್ಯಾನಗರದಲ್ಲಿ ಪೇಸ್ಟ್ರಿ, ರಾತ್ರಿ ಗೋಕುಲ ರಸ್ತೆಯಲ್ಲಿ ಐಸ್‌ಕ್ರೀಮು. ತಿಂದದ್ದು ಆರು ಕಡೆ. ಪ್ರಶ್ನೆ ಕಿವಿಗೆ ಬಿದ್ದದ್ದು ಹನ್ನೊಂದು ಸಲ.

“ನಿಮ್ಮೂರಲ್ಲಿ ಎಲ್ಲರಿಗೂ ಮೊಟ್ಟೆ ಅಲರ್ಜಿನಾ?” ಅಂತ ಕೇಳಿದಳು ಗೆಳತಿ. ಅಲರ್ಜಿ ಅಲ್ಲ. ಆದರೆ ಬರೀ ಸಸ್ಯಾಹಾರದ ಮಾತೂ ಅಲ್ಲ ಅಂತ ನನಗೆ ಆಗಲೇ ಅನಿಸಿತ್ತು. ಈ ಪ್ರಶ್ನೆಯ ಹಿಂದೆ ಇನ್ನೊಂದು ಹಳೆಯ ಪ್ರಶ್ನೆ ಇದೆ. ನಮ್ಮ ಅಜ್ಜಿಯ ಕಾಲದಲ್ಲಿ ‘ಏನು ಹಾಕ್ಯಾರ’ ಅಂತ ಕೇಳುತ್ತಿರಲಿಲ್ಲ. ‘ಯಾರು ಮಾಡ್ಯಾರ’ ಅಂತ ಕೇಳುತ್ತಿದ್ದರು. ಮೊದಲ ಪ್ರಶ್ನೆ ಹೋಗಿ ಎರಡನೆಯದು ಬಂದದ್ದು ಹೇಗೆ ಅನ್ನೋದೇ ನಮ್ಮ ಊರಿನ ಬೇಕರಿಯ ಇತಿಹಾಸ.

ಶುರು ಮಾಡೋಣ ಪೇಢೆಯಿಂದ. ಧಾರವಾಡ ಅಂದ ಕೂಡಲೇ ನೆನಪಾಗುವ ತಿಂಡಿ ಅದು. ತಮಾಷೆ ಅಂದರೆ, ಅದೂ ಹೊರಗಿನಿಂದ ಬಂದದ್ದೇ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ 19ನೇ ಶತಮಾನದಲ್ಲಿ ಧಾರವಾಡಕ್ಕೆ ಬಂದ ಠಾಕೂರ್ ಮನೆತನ ಇದನ್ನು ಶುರು ಮಾಡಿತು ಅಂತ ಹೇಳುತ್ತಾರೆ. ಲೈನ್ ಬಜಾರಿನ ಆ ಅಂಗಡಿಯ ಮುಂದೆ ಈಗಲೂ ಸಾಲು ನಿಲ್ಲುತ್ತೆ. ಗೊತ್ತಿಲ್ಲದ ಭಾಷೆಯ, ಗೊತ್ತಿಲ್ಲದ ಊರಿನ ಜನ ಮಾಡಿದ ತಿಂಡಿಯನ್ನು ಮಡಿವಂತ ಧಾರವಾಡ ಹೇಗೆ ಅಷ್ಟು ಸಲೀಸಾಗಿ ಒಪ್ಪಿಕೊಂಡಿತು? ದೇವರ ನೈವೇದ್ಯಕ್ಕೂ ಇಟ್ಟಿತು?

ಉತ್ತರ ಇರೋದು ಅಡುಗೆಮನೆಯ ಹಳೆಯ ಕಾನೂನಿನಲ್ಲಿ. ನಮ್ಮ ಮಾಳಮಡ್ಡಿಯ ಅಜ್ಜಿಯಂಥವರಿಗೆ ಅದು ಬಾಯಿಪಾಠ. ಧಾನ್ಯವನ್ನು ನೀರು ಹಾಕಿ ಬೇಯಿಸಿದರೆ ಅದು ಮುಸುರೆ. ಅನ್ನ, ರೊಟ್ಟಿ, ಸಾರು ಎಲ್ಲ ಮುಸುರೆ. ಅದನ್ನು ಮನೆಯವರು ಮಾಡಬೇಕು, ಇಲ್ಲವೇ ತಮ್ಮವರು ಮಾಡಬೇಕು. ಆದರೆ ಹಾಲು, ತುಪ್ಪ, ಸಕ್ಕರೆಗೆ ಈ ಕಟ್ಟು ಸಡಿಲ. ಹಾಲು ಕುದಿಸಿ ಖೋವಾ ಮಾಡಿ, ಕಂದುಬಣ್ಣ ಬರುವ ತನಕ ಹುರಿದು, ಸಕ್ಕರೆಯಲ್ಲಿ ಹೊರಳಿಸಿದ ಪೇಢೆಯಲ್ಲಿ ಧಾನ್ಯವೂ ಇಲ್ಲ, ಹಾಕಿದ ನೀರೂ ಇಲ್ಲ. ಹಾಗಾಗಿ ಅದನ್ನು ಯಾರು ಮಾಡಿದರು ಅನ್ನೋದು ದೊಡ್ಡ ವಿಷಯ ಆಗಲಿಲ್ಲ. ಪ್ರಯಾಣಕ್ಕೆ ಕಟ್ಟಿಕೊಂಡರೂ ನಡೀತು, ಪರಸ್ಥಳದವನ ಅಂಗಡಿಯಲ್ಲಿ ಕೊಂಡರೂ ನಡೀತು.

ಬ್ರೆಡ್ಡಿನ ಕಥೆ ಪೂರ್ತಿ ಉಲ್ಟಾ. ಹಿಟ್ಟು, ನೀರು, ಜೊತೆಗೆ ಹುಳಿ ಬರಿಸೋದು ಬೇರೆ. ಗೋವಾ, ಮುಂಬೈ ಕಡೆ ಯೀಸ್ಟು ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಹಿಟ್ಟು ಉಬ್ಬಿಸಲು ತಾಳೆಯ ಹೆಂಡ ಹಾಕುತ್ತಿದ್ದರು. ಮಾಡುವವರು ಕ್ರೈಸ್ತರು, ಮುಸ್ಲಿಮರು, ಪಾರ್ಸಿಗಳು. ಮುಸುರೆ, ಮದ್ಯ, ಪರಧರ್ಮ ಮೂರೂ ಒಂದೇ ಬನ್ನಿನಲ್ಲಿ! ಇದಕ್ಕಿಂತ ದೊಡ್ಡ ಅಪರಾಧ ಒಂದು ತಿಂಡಿ ಮಾಡೋಕೆ ಸಾಧ್ಯ ಇರಲಿಲ್ಲ.

ನಮ್ಮ ಕಡೆ ಬ್ರೆಡ್ಡು, ಬಿಸ್ಕೀಟುಗಳ ಬಗ್ಗೆ ಇದ್ದ ಭಯಕ್ಕೆ ಇನ್ನೂ ಒಂದು ಕಾರಣ ಇತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಶಾಲೆ ತೆರೆದರು, ಕನ್ನಡ ಕಲಿತರು, ಪುಸ್ತಕ ಅಚ್ಚು ಹಾಕಿಸಿದರು. ಅದರ ಜೊತೆಗೇ ಊರಿನಲ್ಲಿ ಒಂದು ಅಂಜಿಕೆಯೂ ಹುಟ್ಟಿತು: ಅವರ ಮನೆಯಲ್ಲಿ ಏನಾದರೂ ತಿಂದರೆ ಜಾತಿ ಹೋದಂತೆ. ಆಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು, ಹುಬ್ಬಳ್ಳಿಯಲ್ಲಿ ದೊಡ್ಡ ವರ್ಕ್‌ಶಾಪ್ ಶುರುವಾಯಿತು. ರೈಲಿನ ಜೊತೆಗೆ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು, ಗೋವಾ ಕಡೆಯವರು, ತಮಿಳರು, ತೆಲುಗರು ಬಂದು ನೆಲೆಸಿದರು. ಅಕ್ಕಿ, ಜೋಳದ ಊರಿನಲ್ಲಿ ಬೆಳಗ್ಗೆ ಬ್ರೆಡ್ಡು ಬೇಕು ಅನ್ನುವ ಒಂದು ಹೊಸ ಗಿರಾಕಿ ವರ್ಗ ಹುಟ್ಟಿತು. ನಾವು ಮೂರೂ ಜನ ಪ್ಲಮ್ ಕೇಕು ತಿಂದ ಕೇಶ್ವಾಪುರ ಇಂಥ ರೈಲ್ವೆ ಜನ, ಕ್ರೈಸ್ತ ಜನ ನೆಲೆಸಿದ ಜಾಗ. ಅಲ್ಲಿ ಡಿಸೆಂಬರ್ ಬಂತೆಂದರೆ ಕೇಕು ಇವತ್ತಿಗೂ ಹಬ್ಬದ ಅಡುಗೆ.

ಬಿಸ್ಕೀಟು ತಿನ್ನೋದು ಆಗ ಎಷ್ಟು ಗಂಭೀರ ವಿಷಯ ಅಂತ ತಿಳಿಯೋಕೆ ಪುಣೆಗೆ ಹೋಗಿ ಬರಬೇಕು. 1956ರ ತನಕ ನಾವೂ ಮುಂಬೈ ಆಡಳಿತದಲ್ಲೇ ಇದ್ದೆವಲ್ಲ. ಪುಣೆಯ ಗಾಳಿ ಧಾರವಾಡಕ್ಕೆ ಬೀಸಲು ತಡ ಆಗುತ್ತಿರಲಿಲ್ಲ. 1890ರ ಅಕ್ಟೋಬರ್ 14ರಂದು ಪುಣೆಯ ಪಂಚ ಹೌದ್ ಮಿಷನ್ನಿನಲ್ಲಿ ಒಂದು ಸಭೆ. ಊರಿನ ಗಣ್ಯರೆಲ್ಲ ಹೋಗಿದ್ದರು. ಮಹದೇವ ಗೋವಿಂದ ರಾನಡೆ ಇದ್ದರು, ಬಾಲ ಗಂಗಾಧರ ತಿಲಕ್ ಇದ್ದರು, ಗೋಪಾಲಕೃಷ್ಣ ಗೋಖಲೆ ಇದ್ದರು. ಸಭೆ ಮುಗಿದ ಮೇಲೆ ಚಹಾ, ಬಿಸ್ಕೀಟು ಬಂತು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆ ಕಪ್ಪು ಮುಟ್ಟಿ ಇಟ್ಟರು. ಆಮೇಲೆ ಹೋದವರ ಹೆಸರಿನ ಪಟ್ಟಿಯೇ ಪತ್ರಿಕೆಯಲ್ಲಿ ಅಚ್ಚಾಯಿತು. ಪುಣೆಯ ಸನಾತನಿಗಳು ಎದ್ದು ನಿಂತರು. ದೂರು ಶಂಕರಾಚಾರ್ಯರ ತನಕ ಹೋಯಿತು, ವಿಚಾರಣೆ ನಡೆಯಿತು. ಕೊನೆಗೆ ತಿಲಕರೂ ಪ್ರಾಯಶ್ಚಿತ್ತದ ದಾರಿ ಹಿಡಿದರು, 1892ರಲ್ಲಿ ರಾನಡೆಯವರೂ ಮಾಡಿಕೊಂಡರು. ಮುಂದೆ ಹೈಕೋರ್ಟಿನ ನ್ಯಾಯಮೂರ್ತಿ ಆಗಲಿದ್ದವರು ಕೂಡ ಒಂದು ಕಪ್ಪು ಚಹಾಕ್ಕೆ ತಲೆ ಬಾಗಿಸಬೇಕಾಯಿತು ಅಂದರೆ, ಮಾಳಮಡ್ಡಿಯ ಸಾಮಾನ್ಯ ಗುಮಾಸ್ತನ ಪಾಡೇನು?

ಇದರ ಪಳೆಯುಳಿಕೆ ಒಂದು ಮಾತು ನನ್ನ ಬಾಲ್ಯದ ತನಕ ಬಂದಿತ್ತು. ಪಾವು ಕೇಳಿದರೆ ಅಜ್ಜಿ ಹೇಳುತ್ತಿದ್ದಳು: “ಅದನ್ನ ಕಾಲಿಲೆ ತುಳದು ಮಾಡ್ತಾರ, ತಿನಬ್ಯಾಡ್ರಿ.” ನೀವೂ ಕೇಳಿರಬಹುದು. ಹಿಂದಿ, ಮರಾಠಿಯ ‘ಪಾವ್’ ಅಂದರೆ ಕಾಲು, ಅದಕ್ಕೇ ಆ ಹೆಸರು ಅಂತ ವಿವರಣೆ. ಅಸಲಿಗೆ ಬ್ರೆಡ್ಡಿಗೆ ಪೋರ್ಚುಗೀಸರು ಇಟ್ಟ ಹೆಸರೇ ‘ಪಾಂವ್’, ಗೋವಾದ ಮೂಲಕ ನಮಗೆ ಬಂತು. ಕಾಲಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ‘ಆ ಜಾತಿಯವರು ಮಾಡಿದ್ದು, ತಿನ್ನಬೇಡ’ ಅಂತ ಮಕ್ಕಳಿಗೆ ಹೇಳೋದಕ್ಕಿಂತ ‘ಕಾಲಿಂದ ತುಳೀತಾರೆ’ ಅನ್ನೋದು ಸುಲಭ. ಕೇಳೋಕೆ ಸ್ವಚ್ಛತೆಯ ಮಾತಿನ ಹಾಗೇ ಇರುತ್ತೆ.

ಹಾಗಾದರೆ ಅಂಥ ಅಜ್ಜಿಯ ಮನೆಯಲ್ಲಿ ದೀಪಾವಳಿಗೆ ನಾನ್‌ಕಟಾಯಿ ಹೇಗೆ ಬರುತ್ತಿತ್ತು?

ನಾನ್‌ಕಟಾಯಿ ಹುಟ್ಟಿದ್ದು ಸೂರತ್ತಿನಲ್ಲಿ ಅಂತ ಪ್ರಚಲಿತ ಕಥೆ. ಅಲ್ಲಿದ್ದ ಡಚ್ಚರು ಹೋಗುವಾಗ ತಮ್ಮ ಬೇಕರಿಯ ಒಲೆಯನ್ನು ಕೆಲಸದಲ್ಲಿದ್ದ ಪಾರ್ಸಿಯೊಬ್ಬರಿಗೆ ಬಿಟ್ಟು ಹೋದರಂತೆ. ಬ್ರೆಡ್ಡು ಕೊಳ್ಳುವವರು ಕಮ್ಮಿಯಾದಾಗ ಅವರು ಸ್ಥಳೀಯರಿಗೆ ಹಿಡಿಸುವ ಹಾಗೆ ಮಾಡಿದ ತಿಂಡಿ ಇದು. ಅಲ್ಲಿಂದ ಮುಂಬೈ, ಪುಣೆ, ಬೆಳಗಾವಿ ದಾಟಿ ನಮ್ಮ ತನಕ ಬಂತು. ಅದರಲ್ಲಿ ಏನಿರುತ್ತೆ ನೋಡಿ: ಮೈದಾ ಅಥವಾ ರವೆ, ಸಕ್ಕರೆ, ತುಪ್ಪ, ಚಿಟಿಕೆ ಸೋಡಾ, ಏಲಕ್ಕಿ. ತತ್ತಿ ಇಲ್ಲ, ಹುಳಿ ಇಲ್ಲ. ಮುಖ್ಯ ವಿಷಯ, ನೀರೇ ಇಲ್ಲ! ಹಿಟ್ಟನ್ನು ಕಟ್ಟಿ ಹಿಡಿಯೋದು ಬರೀ ತುಪ್ಪ, ಅದಕ್ಕೇ ಬಾಯಲ್ಲಿಟ್ಟರೆ ಪುಡಿಪುಡಿ ಆಗುತ್ತೆ. ನೀರಿಲ್ಲ ಅಂದ ಮೇಲೆ ಅಜ್ಜಿಯ ಕಾನೂನಿನ ಪ್ರಕಾರ ಅದು ಮುಸುರೆ ಅಲ್ಲ. ತುಪ್ಪದಲ್ಲಿ ಕರಿದ ಚಕ್ಕುಲಿಯ ಸಾಲಿಗೆ ಹತ್ತಿರ. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂದ ಮೇಲೆ ತುಪ್ಪದ ಖರ್ಚೂ ಇಳಿಯಿತು.

ಉಳಿದದ್ದು ಒಂದೇ ತೊಂದರೆ. ಮನೆಯಲ್ಲಿ ಭಟ್ಟಿ ಇರಲಿಲ್ಲ. ಕಟ್ಟಿಗೆ ಒಲೆಯ ಮೇಲೆ ಬಿಸ್ಕೀಟು ಬೇಯೋದಿಲ್ಲ. ಭಟ್ಟಿ ಇದ್ದದ್ದು ಓಣಿಯ ತುದಿಯ ಸಾಹೇಬರ ಬೇಕರಿಯಲ್ಲಿ. ಅಲ್ಲಿ ಹುಟ್ಟಿದ ಒಪ್ಪಂದ ಉತ್ತರ ಕರ್ನಾಟಕ, ಪಶ್ಚಿಮ ಮಹಾರಾಷ್ಟ್ರದ ಎಷ್ಟೋ ಮನೆಗಳಿಗೆ ಗೊತ್ತು. ಹಬ್ಬಕ್ಕೆ ಮೊದಲು ರವೆ, ಸಕ್ಕರೆ, ಡಾಲ್ಡಾ ಎಲ್ಲ ಮನೆಯಿಂದಲೇ ಒಯ್ಯೋದು. ಅಲ್ಲೇ ಕೂತು ಹಿಟ್ಟು ನಾದಿ ಉಂಡೆ ಕಟ್ಟೋದು, ಇಲ್ಲಾ ಕಣ್ಣೆದುರಿಗೇ ಮಾಡಿಸೋದು. ತಗಡಿನ ತಟ್ಟೆಯಲ್ಲಿ ಜೋಡಿಸಿ, ಮನೆ ಹೆಸರಿನ ಚೀಟಿ ಇಟ್ಟು ಭಟ್ಟಿಯ ಒಳಗೆ ತಳ್ಳೋದು. ಸುಡುವ ಕೂಲಿ ಕೊಟ್ಟು ಸಂಜೆ ಡಬ್ಬಿ ತುಂಬಿಸಿಕೊಂಡು ಬರೋದು. ದೀಪಾವಳಿಯ ಹಿಂದಿನ ವಾರ ಬೇಕರಿಯ ಹಿತ್ತಲಲ್ಲಿ ಓಣಿಯ ಎಲ್ಲ ಜಾತಿಯ ಹೆಂಗಸರೂ ತಮ್ಮ ತಮ್ಮ ಡಬ್ಬಿ ಕಾಯುತ್ತಾ ಕೂತಿರುತ್ತಿದ್ದರು.

ಅಜ್ಜಿಯ ಲೆಕ್ಕ ಇದು: ಹಿಟ್ಟು ನಮ್ಮದು, ತುಪ್ಪ ನಮ್ಮದು, ಬೆಂಕಿ ಮಾತ್ರ ಅವರದು. ಬೆಂಕಿಗೆ ಮೈಲಿಗೆ ಇಲ್ಲ. ಈಗ ಯೋಚಿಸಿದರೆ ಇದರಲ್ಲಿ ಜಾಣತನವೂ ಕಾಣುತ್ತೆ, ಅವಮಾನವೂ ಕಾಣುತ್ತೆ. ಆ ಮನುಷ್ಯನ ಭಟ್ಟಿ ಬೇಕು, ಕೈಗುಣ ಬೇಕು, ಯಾವ ಹೊತ್ತಿಗೆ ಹೊರಗೆ ತೆಗೆಯಬೇಕು ಅನ್ನುವ ಅಂದಾಜು ಬೇಕು. ಅವನ ಹಿಟ್ಟು ಮಾತ್ರ ಬೇಡ. ಅವರು ಒಂದು ದಿನವೂ ಇದನ್ನು ಆಡಿ ತೋರಿಸಲಿಲ್ಲ. ನಮ್ಮ ಮನೆಯಲ್ಲೂ ಯಾರೂ ಯೋಚಿಸಲಿಲ್ಲ.

ಇನ್ನೊಂದು ದಿಕ್ಕಿನಿಂದ ಇನ್ನೊಂದು ಪರಿಹಾರ ಬಂತು. ಅದು ದಕ್ಷಿಣದ್ದು. 1898ರಲ್ಲಿ ಹಾಸನ ಕಡೆಯಿಂದ ಬಂದ ಎಚ್. ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಹೆಸರು ಬಿ.ಬಿ. ಬೇಕರಿ, ಅಂದರೆ ಬೆಂಗಳೂರು ಬ್ರಾಹ್ಮಿನ್ಸ್ ಬೇಕರಿ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ದೆಹಲಿಯಲ್ಲಿ ‘ಹಿಂದೂ ಬಿಸ್ಕೆಟ್ ಕಂಪನಿ’ ಅಂತಲೇ ಒಂದು ಕಾರ್ಖಾನೆ ಇತ್ತು. ಎರಡರ ಉಪಾಯವೂ ಒಂದೇ. ತಿಂಡಿ ಬದಲಾಗಬೇಕಿಲ್ಲ, ಬೋರ್ಡು ಬದಲಾದರೆ ಸಾಕು. ‘ಯಾರು ಮಾಡ್ಯಾರ’ ಅನ್ನುವ ಪ್ರಶ್ನೆಗೆ ಅಂಗಡಿಯ ಹೆಸರಿನಲ್ಲೇ ಉತ್ತರ. ತಿರುಮಲಾಚಾರ್ಯರ ಹಿಂದೆ ಹಾಸನ ಜಿಲ್ಲೆಯ ಹಳ್ಳಿಗಳಿಂದ ಇನ್ನಷ್ಟು ಅಯ್ಯಂಗಾರ್ ಕುಟುಂಬಗಳು ಈ ಕೆಲಸಕ್ಕೆ ಬಂದವು. ಖಾರಾ ಬನ್ನು, ಹನಿ ಕೇಕು, ದಿಲ್‌ಪಸಂದ್, ತತ್ತಿ ಇಲ್ಲದ ಪಫ್ಸು ಎಲ್ಲ ಮಡಿವಂತರ ಬಾಯಿಗೂ ಬಂದವು.

ಹುಬ್ಬಳ್ಳಿ ಧಾರವಾಡದಲ್ಲಿ ಇವತ್ತು ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಅನ್ನುವ ಬೋರ್ಡು ಎಷ್ಟಿವೆ ಅಂತ ಎಣಿಸುತ್ತಾ ಹೋದರೆ ಬೆರಳು ಸಾಲದು. ಎಲ್ಲದರ ಮಾಲೀಕರೂ ಅಯ್ಯಂಗಾರರಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಯಾರೂ ಕೇಳೋದೂ ಇಲ್ಲ. ಜಾತಿಯ ಹೆಸರಾಗಿ ಶುರುವಾದದ್ದು ಈಗ ಒಂದು ರುಚಿಯ ಹೆಸರು. ಉಡುಪಿ ಹೋಟೆಲಿಗೂ ಹೀಗೇ ಆಯಿತಲ್ಲ? ನಾವು ಆವತ್ತು ದುರ್ಗದಬೈಲಿನಲ್ಲಿ ತಿಂದ ಖಾರಿ ಪುಣೆ ದಾರಿಯಿಂದ ಬಂದದ್ದು, ವಿದ್ಯಾನಗರದ ಹನಿ ಕೇಕು ಹಾಸನದ ದಾರಿಯಿಂದ ಬಂದದ್ದು. ಎರಡೂ ಒಂದೇ ಗಾಜಿನ ಕಪಾಟಿನಲ್ಲಿ ಅಕ್ಕಪಕ್ಕ ಕೂತಿರೋ ಊರುಗಳು ಬಹಳ ಇಲ್ಲ. ಹುಬ್ಬಳ್ಳಿ ಅಂಥ ಊರು.

ಐಸ್‌ಕ್ರೀಮಿಗೆ ಬಂದರೆ, ಅದರ ದಾರಿ ಪೇಢೆಯ ಹಾಗೆ ಸರಾಗ ಇರಬೇಕಿತ್ತು. ಹಾಲು, ಸಕ್ಕರೆ, ಮೇಲೆ ತಣ್ಣಗೆ. ಮೊದಲೆಲ್ಲ ಮರದ ಬಕೆಟ್ಟಿನಲ್ಲಿ ಮಂಜುಗಡ್ಡೆ ಮತ್ತು ಉಪ್ಪು ತುಂಬಿ, ನಡುವೆ ಹಾಲಿನ ಡಬ್ಬಿ ಇಟ್ಟು ಕೈಯಿಂದ ತಿರುವುತ್ತಿದ್ದರು. ಉಪ್ಪು ಬಿದ್ದರೆ ಮಂಜುಗಡ್ಡೆ ಕರಗುತ್ತಾ ಇನ್ನೂ ತಣ್ಣಗಾಗುತ್ತೆ, ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ ಮೈನಸ್ 21 ಡಿಗ್ರಿ ತನಕ ಹೋಗಬಹುದು. ಆ ತಂಪಿಗೆ ಹಾಲು ಗಟ್ಟಿಯಾಗುತ್ತೆ. ಆದರೆ ಯುರೋಪಿನ ಐಸ್‌ಕ್ರೀಮಿನಲ್ಲಿ ಒಂದು ಕಿತಾಪತಿ ಇತ್ತು. ಹಾಲು ದಪ್ಪ ಆಗಲಿ ಅಂತ ಅವರು ಹಾಕುತ್ತಿದ್ದದ್ದು ತತ್ತಿಯ ಹಳದಿ ಭಾಗ. ಅದನ್ನು ಹಾಲಿನಲ್ಲಿ ಕುದಿಸಿದರೆ ಕಸ್ಟರ್ಡ್.

ಇದಕ್ಕೆ ಪರಿಹಾರ ಸಿಕ್ಕಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಅದೂ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದ ಅದೇ 1837ರಲ್ಲಿ. ಆಲ್ಫ್ರೆಡ್ ಬರ್ಡ್ ಅಂತ ಒಬ್ಬ ಔಷಧ ವ್ಯಾಪಾರಿ. ಅವನ ಹೆಂಡತಿಗೆ ತತ್ತಿ ಒಗ್ಗುತ್ತಿರಲಿಲ್ಲ, ಆದರೆ ಕಸ್ಟರ್ಡ್ ಅಂದರೆ ಆಸೆ. ಅವಳಿಗಾಗಿ ಮೆಕ್ಕೆಜೋಳದ ಪಿಷ್ಟದಿಂದ ತತ್ತಿ ಇಲ್ಲದ ಕಸ್ಟರ್ಡ್ ಪುಡಿ ಮಾಡಿದ. ಅಲ್ಲಿಯವರಿಗೆ ಅದು ಸೋವಿಯ ಬದಲಿ ಅಷ್ಟೆ. ನಮ್ಮವರಿಗೆ ಅದು ವರ. ನಮ್ಮ ಕಡೆಯ ಮದುವೆ ಊಟದಲ್ಲಿ ಕಸ್ಟರ್ಡಿನ ಫ್ರೂಟ್ ಸಲಾಡ್ ಮೇಲೆ ವೆನಿಲಾ ಐಸ್‌ಕ್ರೀಮು ಹಾಕಿ ಬಡಿಸುತ್ತಾರಲ್ಲ, ಅದರಲ್ಲಿ ಆ ದೂರದ ಗೃಹಿಣಿಯ ಅಲರ್ಜಿಯ ಪಾಲೂ ಇದೆ. ಗೆಳತಿ ಅಲರ್ಜಿನಾ ಅಂತ ಕೇಳಿದ್ದು ಪೂರ್ತಿ ತಪ್ಪೇನಲ್ಲ ಹಾಗಾದರೆ!

ಈ ನಡುವೆ ಕಾನೂನೂ ತನ್ನ ಕೆಲಸ ಮಾಡಿತ್ತು. 1950ರ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಉಪಾಹಾರ ಗೃಹಗಳಿಗೆ ಜಾತಿ, ಧರ್ಮದ ಕಾರಣಕ್ಕೆ ಯಾರನ್ನೂ ಬಿಡದೇ ಇರುವ ಹಾಗಿಲ್ಲ ಅಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದಕ್ಕೆ ಶಿಕ್ಷೆಯನ್ನೂ ಸೇರಿಸಿತು. ಬೇಕರಿ ಕೌಂಟರಿನ ಮುಂದೆ ಎಲ್ಲರೂ ನಿಲ್ಲಬಹುದಾಯಿತು. ಕೌಂಟರಿನ ಹಿಂದೆ ನಿಂತವನ ಕೈಯಿಂದ ತಿನ್ನುವಂತೆ ಯಾವ ಕಾಯ್ದೆಯೂ ಹೇಳಲು ಬರೋದಿಲ್ಲ. ಅದು ಒಂದೊಂದೇ ಮನೆಯಲ್ಲಿ ಆಗಬೇಕಾದ ಕೆಲಸ. ಆಗಿದ್ದೂ ಹಾಗೇ. 2001ರಲ್ಲಿ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಬಂತು. ಅದು ಒಳಗೆ ಏನಿದೆ ಅಂತ ಹೇಳುತ್ತೆ, ಮಾಡಿದವರು ಯಾರು ಅಂತ ಹೇಳೋದಿಲ್ಲ. ನನಗೆ ಅದರಲ್ಲಿ ಇಷ್ಟವಾಗೋದು ಇದೇ. ವಿದ್ಯಾನಗರದ ಕೌಂಟರಿನ ಹುಡುಗ ದಿನಕ್ಕೆ ನೂರು ಸಲ “ಎಗ್‌ಲೆಸ್ ಐತ್ರಿ” ಅನ್ನುತ್ತಾನೆ. ಅವನ ಹೆಸರೇನು ಅಂತ ಆವತ್ತು ಯಾರೂ ಕೇಳಲಿಲ್ಲ.

ಹಳೆಯ ಪ್ರಶ್ನೆ ಪೂರ್ತಿ ಸತ್ತಿದೆ ಅಂತಲೂ ಅಲ್ಲ. 2024ರ ಜುಲೈನಲ್ಲಿ ಉತ್ತರ ಭಾರತದ ಕಾವಡ್ ಯಾತ್ರೆಯ ದಾರಿಯಲ್ಲಿ ತಿಂಡಿ ಅಂಗಡಿಗಳವರು ಮಾಲೀಕರ ಹೆಸರು ಬರೆದು ತೂಗುಹಾಕಬೇಕು ಅಂತ ಆದೇಶ ಬಂದಿದ್ದು ನೆನಪಿರಬಹುದು. ಆ ತಿಂಗಳ 22ರಂದು ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಅಂಗಡಿಯಲ್ಲಿ ಎಂಥ ಆಹಾರ ಸಿಗುತ್ತೆ ಅಂತ ಹೇಳಿದರೆ ಸಾಕು, ಮಾಲೀಕರ ಹೆಸರು ಹಾಕುವಂತೆ ಬಲವಂತ ಮಾಡುವ ಹಾಗಿಲ್ಲ ಅಂದಿತು. ನೂರಾ ಮೂವತ್ತು ವರ್ಷ ತಗೊಂಡು ‘ಯಾರು’ ಇಂದ ‘ಏನು’ ತನಕ ಬಂದಿದ್ದೇವೆ. ವಾಪಸು ಹೋಗೋಕೆ ಅಷ್ಟು ವರ್ಷ ಬೇಕಾಗಿಲ್ಲ.

ಕೊನೆಗೆ ಅಜ್ಜಿಯ ಡಬ್ಬಿಯ ವಿಷಯ. ನಾನು ಆರನೆಯತ್ತೆ ಇದ್ದಾಗಿನ ದೀಪಾವಳಿ. ಬೇಕರಿಯಿಂದ ಡಬ್ಬಿ ತಂದು, ದೇವರ ಮುಂದೆ ಇಟ್ಟು, ಎಲ್ಲರಿಗೂ ಕೊಟ್ಟು ಅಜ್ಜಿಯೂ ತಿಂದಳು. ಎರಡನೆಯದನ್ನು ಅರ್ಧ ತಿಂದವಳು ನಿಲ್ಲಿಸಿದಳು. ಆಕೆ ಹಾಕಿದ್ದು ಏಲಕ್ಕಿ. ಇದರಲ್ಲಿ ಜಾಜಿಕಾಯಿ ವಾಸನೆ. ಭಟ್ಟಿಯ ಗಡಿಬಿಡಿಯಲ್ಲಿ ಚೀಟಿ ಅದಲುಬದಲಾಗಿ ಇನ್ಯಾರದೋ ಮನೆಯ ತಟ್ಟೆ ನಮ್ಮ ಡಬ್ಬಿಗೆ ಬಂದಿತ್ತು. ಯಾರ ಹಿಟ್ಟು, ಯಾರು ನಾದಿದ್ದು, ದೇವರಿಗೇ ಗೊತ್ತು. ಅಪ್ಪ ಅಮ್ಮ ಇಬ್ಬರೂ ಅಜ್ಜಿಯ ಮುಖ ನೋಡುತ್ತಾ ಕೂತರು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಉಳಿದ ಅರ್ಧವನ್ನೂ ಬಾಯಿಗೆ ಹಾಕಿಕೊಂಡಳು.

“ಛಲೋ ಆಗ್ಯಾವ,” ಅಂದಳು. “ಮುಂದಿನ ವರ್ಷ ನಾವೂ ಜಾಜಿಕಾಯಿ ಹಾಕೂಣು.”

ಮುಂದಿನ ವರ್ಷ ಹಾಕಿದೆವು. ಈಗಲೂ ನಮ್ಮ ಮನೆಯ ನಾನ್‌ಕಟಾಯಿಗೆ ಬೀಳೋದು ಜಾಜಿಕಾಯಿಯೇ. ಅದು ಯಾರ ಮನೆಯದು ಅಂತ ಅಜ್ಜಿ ಯಾವತ್ತೂ ವಿಚಾರಿಸಲಿಲ್ಲ.